ಗೋಲ್‌ಕೀಪರನ ಹಸಿರು ಜೆರ್ಸಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಜೆರ್ಸಿ ಅಂಗಡಿಯ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ತೀರಿಹೋದ ಗೋಲ್‌ಕೀಪರನೊಬ್ಬನ ಹಸಿರು ಜೆರ್ಸಿ ಅವನ ಗಾಜಿನ ಕಪಾಟಿನಲ್ಲಿತ್ತು. ಯಾರೋ ಅದನ್ನು ಕದ್ದು, ಅಂಥದ್ದೇ ಇನ್ನೊಂದನ್ನು ಅಲ್ಲಿ ತೂಗುಹಾಕಿದ್ದರು. ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಪೇದೆಯೊಂದಿಗೆ ಸ್ಥಳಕ್ಕೆ ಹೊರಟರು. ಪೇದೆಗೆ ಫುಟ್‌ಬಾಲ್ ಹುಚ್ಚು. ಜೀಪಿನಲ್ಲಿ ದಾರಿಯುದ್ದಕ್ಕೂ ಆ ಗೋಲ್‌ಕೀಪರನ ಗುಣಗಾನ ಮಾಡಿ ಸಾಹೇಬರ ತಲೆ ತಿಂದ.

ಕಪಾಟಿನ ಬೀಗ ಮುರಿದಿರಲಿಲ್ಲ.

"ಎರಡೂ ಒಂದೇ ಥರ ಇದ್ರೆ ಬದಲಾಗಿದ್ದು ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದೇ ಥರ ಎಲ್ಲಿ ಸಾರ್!" ಮಾಲೀಕನಿಗೆ ಅಷ್ಟು ಸಾಕಾಯಿತು. "ಅಭಿಮಾನಿಗಳಿಗೆ ಅಂತ ಮಾರೋದು ಒಂದು ದರ್ಜೆ, ಬಟ್ಟೆ ದಪ್ಪ. ಆಟಗಾರರಿಗೇ ಅಂತ ತಯಾರಾಗಿ ಮೈದಾನಕ್ಕೆ ಇಳೀದೇ ಉಳಿದಿದ್ದು ಅದಕ್ಕಿಂತ ಮೇಲು, ತೆಳ್ಳಗಿರುತ್ತೆ. ಎಲ್ಲಕ್ಕಿಂತ ಮೇಲಿನದು ಪಂದ್ಯದಲ್ಲಿ ತೊಟ್ಟಿದ್ದು. ಮಣ್ಣಿನ ಕಲೆ, ತೇಪೆ ಇದ್ದಷ್ಟೂ ಬೆಲೆ. ಹೋಗಿದ್ದು ಅದು. ಇಲ್ಲಿರೋದು ಎರಡನೇದು, ಒಂದು ಕಲೆ ಇಲ್ಲ."

"ನಂದು ಯಾವ ದರ್ಜೆ ನೋಡಿ?" ಪೇದೆ ಮೊಬೈಲಿನಲ್ಲಿ ತನ್ನ ಜೆರ್ಸಿಯ ಫೋಟೊ ತೋರಿಸಿದ.

ಮಾಲೀಕ ಕನಿಕರದಿಂದ ನೋಡಿದ. "ಮೈ ಮುಚ್ಚುತ್ತಲ್ಲ, ಬಿಡಿ."

ಇನ್‌ಸ್ಪೆಕ್ಟರ್ ಜೆರ್ಸಿಯ ಅಂಚು ತಿರುಗಿಸಿದರು. ಒಂದು ಕಡೆ ಹೊಸ ಕೈಹೊಲಿಗೆ, ಸಾಸಿವೆಯಷ್ಟು ಸಣ್ಣ ಸಣ್ಣದು.

"ಇದು ಯಾರ ಕೆಲಸ?"

"ನಾನು ಹೊಲಿಸಿಲ್ಲ ಸಾರ್. ನನ್ನ ರಿಪೇರಿಯೆಲ್ಲ ಎದುರು ಅಂಗಡಿ ಟೈಲರಮ್ಮಂದು. ಕೀ ಎಲ್ಲಿಡ್ತೀನಿ ಅಂತ ಅವರಿಗೂ..." ಮಾಲೀಕ ಮಾತು ನುಂಗಿದ.

ಪಂಚರ ಸಮಕ್ಷಮ ಪಂಚನಾಮೆ ಬರೆದು, ಜೆರ್ಸಿಯನ್ನು ವಶಕ್ಕೆ ಪಡೆದು ಎಲ್ಲರೂ ರಸ್ತೆ ದಾಟಿದರು. ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಈ ಅಂಚು ನೀವು ಹೊಲಿದಿದ್ದಾ?"

"ಹೂಂ. ನೂಲು ಬಿಟ್ಟಿತ್ತು. ಹಾಗೇ ತೂಗುಹಾಕೋಕೆ ಮನಸ್ಸು ಬರಲಿಲ್ಲ."

"ಕದಿಯೋಕೆ ಹೊರಟವರು ರಿಪೇರಿ ಮಾಡ್ತಾ ಕೂತ್ರಾ?" ಪೇದೆ ತಡೆಯಲಾರದೆ ಕೇಳಿಬಿಟ್ಟ.

ಅವಳು ಮೇಜಿನಡಿಯ ಪೆಟ್ಟಿಗೆ ತೆರೆದಳು. ಹಸಿರು ಜೆರ್ಸಿಯ ಎರಡೂ ಮೊಣಕೈಗೆ ತೇಪೆಯಿತ್ತು. ಹೊಲಿಗೆ ಅದೇ ಕೈಯದು.

"ಅವನು ನನ್ನ ತಮ್ಮ. ಪ್ರತಿ ಸಲ ಮೊಣಕೈ ಹರ್ಕೊಂಡು ಬರ್ತಿದ್ದ, ನಾನು ಬೈಕೊಂಡು ತೇಪೆ ಹಾಕ್ತಿದ್ದೆ. ಕ್ಲಬ್ಬಿನವರು ಇವರಿಗೆ ಮಾರಿದ್ರು. ಹೋಗ್ಲಿ, ಎದುರಿಗೇ ಇದೆ, ದಿನಾ ನೋಡ್ಬಹುದು ಅಂದ್ಕೊಂಡೆ. ಮೊನ್ನೆ ಇವರೇ ಬಂದು, ಇದನ್ನ ಬೆರಳಗಲ ಚೂರು ಮಾಡಿಕೊಡಮ್ಮ, ಒಂದೊಂದು ಚೂರನ್ನೂ ಕಾರ್ಡಿಗೆ ಅಂಟಿಸಿ ಅಭಿಮಾನಿಗಳಿಗೆ ಮಾರ್ತೀನಿ ಅಂದ್ರು. ನನ್ನ ಕೈಯಲ್ಲೇ ಕತ್ತರಿಸಬೇಕಂತೆ. ಅವನು ತೊಡದೇ ಬಿಟ್ಟಿದ್ದೊಂದು ಮನೇಲಿತ್ತು, ಅದನ್ನ ಇಟ್ಟು ಇದನ್ನ ತಂದೆ."

"ನೀವು ಅವರ ಅಕ್ಕ ಅಂತ ನಂಗೇನು ಗೊತ್ತು?" ಮಾಲೀಕ ನೆಲ ನೋಡಿದ. "ಆದ್ರೆ ಆರ್ಡರ್ ತಗೊಂಡಾಗಿದೆ ಸಾರ್."

ಇನ್‌ಸ್ಪೆಕ್ಟರ್ ಕೆಮ್ಮಿದರು. "ಅಕ್ಕಾ, ನಿಮ್ಮನ್ನ ಅರೆಸ್ಟ್ ಮಾಡ್ಲೇಬೇಕು. ಜೆರ್ಸಿ ಇನ್ನು ಮುದ್ದೆಮಾಲು, ಕೋರ್ಟಿಗೆ ಸಾಕ್ಷಿ. ಕೇಸ್ ಮುಗಿಯೋವರೆಗೂ ಅದಕ್ಕೆ ಯಾರೂ ಕತ್ತರಿ ಹಾಕೋ ಹಾಗಿಲ್ಲ."

"ಕೇಸ್ ಯಾವಾಗ ಮುಗಿಯುತ್ತೆ?"

"ನಾನು ರಿಟೈರ್ ಆಗೋದೇ ಮೊದಲು ಅಮ್ಮಾ," ಪೇದೆ ಹೇಳಿದ.

ಟೈಲರಮ್ಮ ಯಂತ್ರಕ್ಕೆ ಬಟ್ಟೆ ಹೊದಿಸಿ ಎದ್ದಳು. "ಹಾಗಾದ್ರೆ ತಡ ಯಾಕೆ? ನಡೀರಿ."

ಮಧ್ಯಾಹ್ನ ಒಂದೂಕಾಲಿಗೆ ದಸ್ತಗಿರಿಯಾಯಿತು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಇನ್‌ಸ್ಪೆಕ್ಟರ್ ‘ತಮ್ಮನ ಮೇಲಿನ ಅಕ್ಕರೆ’ ಎಂದಷ್ಟೇ ಬರೆದರು. ಪೇದೆ ತೇಪೆಗಳು ಸುಕ್ಕಾಗದಂತೆ ಜೆರ್ಸಿ ಮಡಚಿ, ಚೀಲದಲ್ಲಿಟ್ಟು ಅರಗಿನ ಮುದ್ರೆ ಒತ್ತಿದ.