ಎರಡು ರಾತ್ರಿ ಉಚಿತ ವಾಸ

ವರ್ಲಾ ಟೊಲೆಫ್ಸನ್ ಎರಡು ವರ್ಷದಿಂದ ಒಂದೇ ಸಮ ಮೂರು ಗಂಟೆ ನಿದ್ದೆ ಮಾಡಿರಲಿಲ್ಲ. ತಾವು ವಾಸವಿದ್ದ ಮನೆಗಾಡಿಯ ಬಾಗಿಲ ಹಿಡಿಗೆ ಅವಳು ಹಸುವಿನ ಕೊರಳ ಗಂಟೆಯೊಂದನ್ನು ಕಟ್ಟಿದ್ದಳು. ಅದು ಸದ್ದು ಮಾಡಿತೆಂದರೆ ಗಂಡ ಆರಿನ್ ಹೊರಗೆ ಹೊರಟ ಎಂದೇ ಲೆಕ್ಕ. ಅವಳು ಎದ್ದು ಕೋಟು ಸಿಕ್ಕಿಸಿಕೊಂಡು ಹಿಂದೆ ಓಡಬೇಕು. ಮಿನೆಸೊಟಾದಲ್ಲಿ ಮೂವತ್ತೊಂದು ವರ್ಷ ಹಾಲಿನ ಲಾರಿ ಓಡಿಸಿದ ಮನುಷ್ಯ; ಕೊಟ್ಟಿಗೆಗಳಿಗೆ ಹೋಗಲು ಹೊತ್ತಾಯಿತು ಎಂದು ಈಗಲೂ ಬರಿಗಾಲಲ್ಲಿ ಹೊರಟುಬಿಡುತ್ತಿದ್ದ. ಕೈಹಿಡಿದು ಕರೆತಂದು ಮಂಚದ ಅಂಚಿಗೆ ಕೂರಿಸಿದರೆ ಅವಳ ಮುಖ ನೋಡಿ ಕೇಳುತ್ತಿದ್ದ:

"ನೀವು ಬಹಳ ಒಳ್ಳೇವ್ರು ಕಣ್ರೀ. ನಿಮ್ಮ ಮನೇಲಿ ನಿಮಗೋಸ್ಕರ ಕಾಯ್ತಿರಲ್ವಾ?"

ಹೊಡೆದಿದ್ದರೆ, ಬೈದಿದ್ದರೆ, ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಈ ಮರ್ಯಾದೆ ಅವಳನ್ನು ಅರೆದುಹಾಕಿತು. ನಲವತ್ತೆಂಟು ವರ್ಷ ಬಾಳಿದ ಗಂಡನ ಬಾಯಲ್ಲಿ 'ಮೇಡಂ' ಅನ್ನಿಸಿಕೊಂಡು ಅವನ ಅಂಗಿ ತೊಳೆಯುವುದು ಹೇಗಿರುತ್ತದೆಂದು ಯಾರಿಗೆ ಹೇಳುವುದು?

ನವೆಂಬರಿನಲ್ಲಿ ಅವನನ್ನು ಹಿಡಿಯಲು ಹೋಗಿ ಅವಳು ಗಾಡಿಯ ಮೆಟ್ಟಿಲಿಂದ ಬಿದ್ದಳು. ಪಕ್ಕೆಲುಬು ಮುರಿಯಿತು. ವೈದ್ಯೆ ಎಕ್ಸ್‌ರೇ ನೋಡಿ, "ಹೀಗೇ ಮಾಡ್ತಿದ್ರೆ ಅವರಿಗಿಂತ ಮುಂಚೆ ನೀವೇ ಹೋಗ್ತೀರಿ" ಎಂದಳು. ವರ್ಲಾ ಮೂರು ಆರೈಕೆ ಮನೆಗಳಲ್ಲಿ ವಿಚಾರಿಸಿದಳು. ಯಾವುದೂ ಅವರ ಕೈಗೆ ಎಟುಕುವಂತಿರಲಿಲ್ಲ. ನಾಲ್ಕನೆಯ ಕಡೆ, ಕೌಂಟರಿನ ಹಿಂದಿದ್ದ ದಪ್ಪ ಹೆಂಗಸು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಹೆಸರು, ದಿಕ್ಕು ಏನೂ ಗೊತ್ತಿಲ್ಲದೋರು ಸಿಕ್ರೆ ಸರ್ಕಾರ ಅವತ್ತೇ ಹಾಸಿಗೆ ಕೊಡುತ್ತೆ. ನಿಮ್ಮ ಯಜಮಾನ್ರಿಗೆ ನೀವಿದ್ದೀರಿ. ಅದೇ ತೊಂದ್ರೆ ನೋಡಿ, ಅಮ್ಮಾ."

ಆಕೆ ಕನಿಕರದಿಂದಲೇ ಹೇಳಿದ್ದು. ವರ್ಲಾ ಗಾಡಿಗೆ ಬಂದು, ಆರಿನ್‌ಗೆ ಸೂಪು ಬಿಸಿ ಮಾಡಿಕೊಟ್ಟು, ಆ ಮಾತನ್ನು ಒಳಗೇ ತಿರುಗಿಸಿ ತಿರುಗಿಸಿ ನೋಡಿದಳು. ತೊಂದರೆ ತಾನೇ ಆಗಿದ್ದರೆ ಆ ತೊಂದರೆಯನ್ನು ತೆಗೆದುಬಿಡಬಹುದು.

ಆಸ್ಪತ್ರೆಯ ಬಾಗಿಲಲ್ಲಿ ಬಿಡುವ ಹಾಗಿಲ್ಲ, ಅಲ್ಲಿ ಕ್ಯಾಮೆರಾಗಳು. ಬಸ್ ನಿಲ್ದಾಣದಲ್ಲಿ ಅವನು ಯಾವುದೋ ಬಸ್ಸು ಹತ್ತಿಬಿಡುತ್ತಾನೆ. ಜನರಿರಬೇಕು, ನೆರಳಿರಬೇಕು, ಚಳಿ ಇರಬಾರದು, ಅವನನ್ನು ಕನಿಷ್ಠ ಒಂದೂವರೆ ಗಂಟೆ ಯಾರಾದರೂ ಕಣ್ಣೆದುರೇ ಕೂರಿಸಿಕೊಂಡಿರಬೇಕು. ಇಷ್ಟೆಲ್ಲ ಎಲ್ಲಿ ಸಿಗುತ್ತದೆ ಎಂದು ಅವಳು ವಾರಗಟ್ಟಲೆ ಯೋಚಿಸಿದಳು. ಉತ್ತರ ಅಂಚೆಯಲ್ಲಿ ತಾನಾಗಿಯೇ ಬಂತು. ಬಣ್ಣದ ಕಾರ್ಡು, ಮೇಲೆ ಕತ್ತಾಳೆ ಗಿಡದ ಚಿತ್ರ: 'ಕಾಪರ್ ಬೆಂಡ್ ಮನೆಗಾಡಿ ಕ್ಯಾಂಪಿನಲ್ಲಿ ಎರಡು ರಾತ್ರಿ ಉಚಿತ ವಾಸ. ನಮ್ಮ ಆಜೀವ ಸದಸ್ಯತ್ವದ ಬಗ್ಗೆ ತೊಂಬತ್ತು ನಿಮಿಷ ಕೇಳಿದರೆ ಸಾಕು.'

ಇದು ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಿತ ಲೋಕ. ಮನೆ ಮಾರಿ ಗಾಡಿಯಲ್ಲೇ ಬದುಕತೊಡಗಿದ ಒಂಬತ್ತು ವರ್ಷಗಳಲ್ಲಿ ಅವರಿಬ್ಬರೂ ಇಂಥ ಹದಿನಾಲ್ಕು ಕಡೆ ಕೂತು ಕೇಳಿ ಬಂದಿದ್ದರು. ಒಮ್ಮೆ ಹಣ ಕಟ್ಟಿದರೆ ದೇಶದ ತುಂಬ ಎಂಬತ್ತು ಕ್ಯಾಂಪುಗಳು, ಎಲ್ಲಿ ಬೇಕಾದರೂ ಎರಡೆರಡು ವಾರ, ಸಾಯುವವರೆಗೆ. ಕೊಳ್ಳಬೇಕೋ ಬೇಡವೋ ಎನ್ನುವುದು ಅವರ ಸಂಸಾರದ ಹಳೆಯ ಮಾತುಕತೆ. ಸಾಯುವವರೆಗೆ ಎಂದರೆ ಎಷ್ಟು ವರ್ಷ? ಬೇಕೆಂದ ತಿಂಗಳಲ್ಲಿ ಜಾಗ ಸಿಕ್ಕೀತೆ? ಕಂಪನಿಯೇ ಮುಳುಗಿದರೆ? ಕೊನೆಗೆ ಪ್ರತಿ ಸಲವೂ ಬೇಡವೆಂದು, ಉಡುಗೊರೆಯಾಗಿ ಕೊಟ್ಟ ಹಂದಿಮಾಂಸದ ತುಂಡನ್ನೋ ಟಾರ್ಚನ್ನೋ ಎತ್ತಿಕೊಂಡು ಎದ್ದು ಬರುತ್ತಿದ್ದರು. ರಸ್ತೆಯ ಮೇಲಿನ ಅರ್ಧ ಜನ ಚಳಿಗಾಲವನ್ನು ಕಳೆಯುವುದೇ ಹೀಗೆ, ಒಂದು ಉಚಿತ ವಾಸದಿಂದ ಇನ್ನೊಂದಕ್ಕೆ. ಮಾರುವವರಿಗೂ ಗೊತ್ತು. ಆದರೂ ಬೇಡ ಎನ್ನುವವರನ್ನು ಅವರು ತೊಂಬತ್ತು ನಿಮಿಷಕ್ಕೆ ಒಂದು ನಿಮಿಷವೂ ಮುಂಚೆ ಬಿಡುವುದಿಲ್ಲ. ಆ ಹಟವೇ ಈಗ ವರ್ಲಾಗೆ ಬೇಕಾಗಿತ್ತು.

ಅವಳು ಕಾರ್ಡಿನ ನಂಬರಿಗೆ ಪೆಟ್ರೋಲ್ ಬಂಕಿನ ಫೋನಿನಿಂದ ಮಾತಾಡಿ, 'ಮಿಲ್ಲರ್ ದಂಪತಿ' ಎಂದು ಬರೆಸಿದಳು. ಮಿಲ್ಲರ್‌ಗಳು ಊರಿಗೆ ನೂರು ಜನ. ಗಾಡಿಯ ನಂಬರನ್ನು ಯಾರಾದರೂ ಬರೆದುಕೊಂಡರೂ ಅದು ದಕ್ಷಿಣ ಡಕೋಟಾದ ಒಂದು ಅಂಚೆ ಪೆಟ್ಟಿಗೆಗೆ ಹೋಗಿ ನಿಲ್ಲುತ್ತದೆ. ಮನೆಯಿಲ್ಲದೆ ಗಾಡಿಯಲ್ಲಿ ಬಾಳುವ ಸಾವಿರಾರು ಮಂದಿಗೆ ಅದೇ ವಿಳಾಸ.

ಡಿಸೆಂಬರ್ ಪೂರ್ತಿ ಅವಳು ಆರಿನ್‌ನ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಪರ್ಸು ತೆಗೆದಿಟ್ಟಳು. ಅಂಗಿಗಳ ಒಳಗಿದ್ದ ಅಂಗಡಿ ಚೀಟಿಗಳನ್ನು ಬ್ಲೇಡಿನಿಂದ ಬಿಡಿಸಿದಳು. ಕಿವಿಯ ಯಂತ್ರದ ಮೇಲೆ ಸಣ್ಣ ಅಂಕಿಗಳಿರುತ್ತವೆ ಎಂಬುದು ಎಷ್ಟು ಜನರಿಗೆ ಗೊತ್ತು? ಅವಳು ಸೂಜಿಯಿಂದ ಅವನ್ನೂ ಕೆರೆದಳು. ಅವನು ಸೈನ್ಯಕ್ಕೆ ಸೇರಿದವನಲ್ಲ, ಜೈಲು ಕಂಡವನಲ್ಲ, ಬೆರಳಚ್ಚು ಎಲ್ಲಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಡುತ್ತ, "ನಿಮ್ಮ ಹೆಸರೇನು ಸಾರ್?" ಎಂದು ಕೇಳಿ ನೋಡಿದಳು. ನಲವತ್ತು ಬೆಳಿಗ್ಗೆ ಕೇಳಿದಳು. ನಲವತ್ತು ಸಲವೂ ಅವನು ನಕ್ಕು, "ಹಾಲಿನವ" ಎಂದ.

ಕೇಳುವವರು ಹೆಚ್ಚಿಲ್ಲ. ಮಕ್ಕಳಿಲ್ಲ. ವಿಸ್ಕಾನ್ಸಿನ್‌ನಲ್ಲಿ ವರ್ಲಾಳ ತಂಗಿ ಆರ್ಲಿಸ್ ಅಕ್ಕನಿಗಾಗಿ ಒಂದು ಕೋಣೆ ಖಾಲಿ ಮಾಡಿ ಕಾಯುತ್ತಿದ್ದಳು. ಅವಳಿಗೆ, "ಆರಿನ್‌ನ ಅರಿಜೋನಾದ ಆರೈಕೆ ಮನೆಗೆ ಸೇರಿಸಿದೆ" ಎಂದರೆ ಸಾಕು. ನಾಲ್ಕು ದಿನ ಕಳೆದರೆ ಅದು ಸುಳ್ಳೂ ಆಗಿರುವುದಿಲ್ಲ.

ಜನವರಿಯ ಎರಡನೆಯ ವಾರ ಅವರು ಅರಿಜೋನಾದ ಕಾಪರ್ ಬೆಂಡ್ ತಲುಪಿದರು. ಗೇಟಿನವನು ಪಟ್ಟಿ ನೋಡಿ, "ಮಿಲ್ಲರ್? ಹದಿನೇಳನೇ ಜಾಗ" ಎಂದು ಕೈಬೀಸಿದ. ವರ್ಲಾ ವಿದ್ಯುತ್ ತಂತಿ ಮಾತ್ರ ಸಿಕ್ಕಿಸಿದಳು. ನೀರಿನ ಕೊಳವೆ, ಕೊಳಚೆಯ ಕೊಳವೆ ಯಾವುದನ್ನೂ ಹೊರಗೆ ತೆಗೆಯಲಿಲ್ಲ. ಅವನ್ನು ಬಿಚ್ಚಿ ಸುತ್ತಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ಅವಳಲ್ಲಿ ಇರುವುದಿಲ್ಲ. ಪಕ್ಕದ ಜಾಗದ ಡೆಲ್ಮಾ, ಎಂಬತ್ತರ ವಿಧವೆ, ತೊಡೆಯ ಮೇಲೆ ನಾಯಿಮರಿ ಇಟ್ಟುಕೊಂಡು ಕುರ್ಚಿಯಿಂದಲೇ ಎಲ್ಲ ನೋಡುತ್ತಿದ್ದಳು.

"ಏನವ್ವಾ, ನೀರೇ ಹಾಕ್ಕೊಂಡಿಲ್ಲ? ಸ್ನಾನಗೀನ ಬಿಟ್ಟಿದ್ದೀರೇನು?"

"ಎರಡೇ ರಾತ್ರಿ ಅಲ್ವಾ. ತೊಟ್ಟಿ ತುಂಬಿದೆ."

"ಮಾತು ಕೇಳೋಕೆ ಬಂದೋರೋ? ಆ ಟ್ರೆವರ್ ಅಂತ ಒಬ್ಬ ಇದ್ದಾನೆ, ಹುಷಾರು. ನನ್ನ ಗಂಡ ಸತ್ತು ಎಂಟು ದಿನ ಆಗಿತ್ತು, ಇಬ್ಬರಿಗೂ ಸೇರಿಸಿ ಮಾರೋಕೆ ನೋಡಿದ. ನಾನಂದೆ, ಅವರು ಆಗಲೇ ಬೇರೆ ಕಡೆ ಆಜೀವ ಸದಸ್ಯರಾಗಿ ಹೋದ್ರಪ್ಪಾ ಅಂತ!"

ಡೆಲ್ಮಾ ತಾನೇ ಹೇಳಿ ತಾನೇ ನಕ್ಕಳು. ಆರಿನ್ ಕೂಡ ನಕ್ಕ. ನಾಯಿಮರಿಯ ತಲೆ ಸವರಿ, "ಇದಕ್ಕೆ ಎಷ್ಟು ಲೀಟರ್ ಬರುತ್ತೆ?" ಎಂದು ಕೇಳಿದ. ಡೆಲ್ಮಾಳ ನಗು ನಿಂತಿತು. ವರ್ಲಾಳ ಕೈಯನ್ನು ಒಮ್ಮೆ ಅದುಮಿ ಬಿಟ್ಟಳು.

ಎರಡನೆಯ ಬೆಳಿಗ್ಗೆ ವರ್ಲಾ ಗಂಡನಿಗೆ ಕ್ಷೌರ ಮಾಡಿದಳು. ಉಗುರು ಕತ್ತರಿಸಿದಳು. ಅವನಿಗೆ ಇಷ್ಟವಾದ ಮೊಟ್ಟೆ, ಹುರಿದ ಆಲೂಗಡ್ಡೆ ಮಾಡಿ, ಅವನು ತಿನ್ನುವುದನ್ನು ಕೂತು ನೋಡಿದಳು. ಅವನ ಮಾತ್ರೆಗಳ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಜೇಬಿಗಿಟ್ಟಳು. ಕೈಬರಹ ತಿಳಿಯದಂತೆ ಎಡಗೈಯಲ್ಲಿ ಬರೆದಿದ್ದಳು. ಮದುವೆಯ ಉಂಗುರವೊಂದೇ ಉಳಿದಿತ್ತು. ಒಳಮೈಯಲ್ಲಿ ಇಬ್ಬರ ಹೆಸರಿತ್ತು. ಗಂಟುಬಿದ್ದ ಬೆರಳಿಗೆ ಸೋಪು ಹಚ್ಚಿ ಮೆಲ್ಲಗೆ ತಿರುಗಿಸುತ್ತಿದ್ದಾಗ ಅವನು ಕೈ ಎಳೆದುಕೊಂಡ.

"ಅದನ್ನ ಮಾತ್ರ ಬೇಡ ಮೇಡಂ. ನನ್ನ ಹೆಂಡ್ತಿ ಬೈತಾಳೆ."

"ತೊಳೆದು ಕೊಡ್ತೀನಿ. ಅವರಿಗೇ ಕೊಡ್ತೀನಿ."

"ಖಂಡಿತ?"

"ಖಂಡಿತ."

ಅವನು ನಂಬಿ ಕೈ ಚಾಚಿದ. ಉಂಗುರ ಬಂತು. ವರ್ಲಾ ಸಿಂಕಿನ ಕಡೆ ತಿರುಗಿ ನಿಂತು, ನಲ್ಲಿ ಬಿಟ್ಟು, ಅಳು ತಾನಾಗಿ ನಿಲ್ಲುವವರೆಗೆ ಅತ್ತಳು. ಆಮೇಲೆ ವಿದ್ಯುತ್ ತಂತಿ ಬಿಚ್ಚಿ ಸುತ್ತಿಟ್ಟಳು.

ಟ್ರೆವರ್ ಹತ್ತು ಗಂಟೆಗೆ ಸರಿಯಾಗಿ ಪುಟ್ಟ ತೆರೆದ ಗಾಡಿಯಲ್ಲಿ ಬಂದ. ಮೂವತ್ತರ ಹುಡುಗ, ಬಿಸಿಲಿಗೆ ಕೆಂಪಾದ ಮೂಗು, ದೊಡ್ಡ ನಗು. ಈಜುಕೊಳ ತೋರಿಸಿದ, ಬಟ್ಟೆ ಒಗೆಯುವ ಕೋಣೆ ತೋರಿಸಿದ. "ನೋಡಿ ಸಾರ್, ಇಲ್ಲಿ ಕೂತ್ರೆ ಸಂಜೆ ಬೆಟ್ಟ ಎಲ್ಲಾ ಕೆಂಪಗಾಗುತ್ತೆ. ಟಿವಿ ಹಾಕೋದೇ ಬೇಡ" ಎಂದ. ಆರಿನ್ ಎಲ್ಲದಕ್ಕೂ ತಲೆಯಾಡಿಸಿದ. ರಸ್ತೆ ತಿರುಗಿದಲ್ಲೆಲ್ಲ ಲಾರಿ ಓಡಿಸುವವನ ಹಾಗೆ ಹಿಂದಕ್ಕೆ ಕಣ್ಣು ಹಾಯಿಸಿದ.

"ಸಾರ್‌ಗೆ ಮಾತು ಕಮ್ಮಿ, ಅಲ್ವಾ ಮೇಡಂ?"

"ಮೊದಲಿಂದಲೂ ಅಷ್ಟೇ. ಎಲ್ಲಾ ಕೇಳಿಸ್ಕೋತಾರೆ."

ಹದಿನೈದನೆಯ ಸಲದ ಮಾತು. ವರ್ಲಾಗೆ ಯಾವ ವಾಕ್ಯದ ನಂತರ ಯಾವುದು ಬರುತ್ತದೆ ಎಂಬುದೂ ಬಾಯಿಪಾಠ. ಸಭಾಂಗಣದ ಮೇಜಿಗೆ ಕರೆದೊಯ್ದು, ಕಾಫಿ ಮತ್ತು ಸಿಹಿ ಬನ್ನು ಕೊಟ್ಟು, ಟ್ರೆವರ್ ನಕ್ಷೆ ಬಿಚ್ಚಿದ ಕ್ಷಣಕ್ಕೆ ಅವಳು ಕೈಚೀಲ ತಡಕಿದಳು.

"ಅಯ್ಯೋ, ಇವರ ಕನ್ನಡಕ ಗಾಡೀಲೇ ಬಿಟ್ಟೆ. ನೀವು ಶುರು ಮಾಡಿ, ಹೋಗಿ ತರ್ತೀನಿ."

"ಆರಾಮಾಗಿ ಬನ್ನಿ ಮೇಡಂ. ನಾವು ಗಂಡಸರು ಮಾತಾಡ್ಕೋತಿರ್ತೀವಿ. ಏನು ಸಾರ್?"

ಆರಿನ್ ಬನ್ನಿನ ಸಕ್ಕರೆ ಮೆತ್ತಿದ ತುಟಿಯಲ್ಲಿ ನಕ್ಕ. ಅವಳು ಅವನ ಭುಜ ಮುಟ್ಟಲಿಲ್ಲ. ಮುಟ್ಟಿದರೆ ಹೋಗಲಾರೆ ಎಂದು ಮೊದಲೇ ತೀರ್ಮಾನಿಸಿದ್ದಳು.

ಹನ್ನೊಂದು ನಿಮಿಷದಲ್ಲಿ ಅವಳು ಗೇಟು ದಾಟಿದ್ದಳು. ಗೇಟಿನವನು ತಲೆ ಎತ್ತಲಿಲ್ಲ. ಹೆದ್ದಾರಿ ಚಪ್ಪಟೆಯಾಗಿ, ನೇರವಾಗಿ, ಪೂರ್ವಕ್ಕೆ ಹೋಗಿತ್ತು. ಅವಳು ಗಡಿಯಾರ ನೋಡಿಕೊಂಡೇ ಓಡಿಸಿದಳು. ಈಗ ಟ್ರೆವರ್ ಎಂಬತ್ತು ಕ್ಯಾಂಪುಗಳ ಹೆಸರು ಹೇಳುತ್ತಿರುತ್ತಾನೆ. ಈಗ ಬೆಲೆ ಹೇಳಿ, ತಾನೇ ಇಳಿಸುತ್ತಿರುತ್ತಾನೆ. ಈಗ ಕನ್ನಡಕ ತರಲು ಹೋದವಳು ಇನ್ನೂ ಬರಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡುತ್ತಾನೆ. ಆಮೇಲೆ ಮುದುಕನ ಹೆಸರು ಕೇಳುತ್ತಾನೆ. ಹಾಲಿನವ. ಆಮೇಲೆ ಆಫೀಸು, ಪೊಲೀಸು, ಆಂಬುಲೆನ್ಸು, ಒಗೆದ ಚಾದರ ಹಾಸಿದ ಹಾಸಿಗೆ. ಪಕ್ಕದ ಸೀಟು ಖಾಲಿಯಾಗಿತ್ತು. ಅಡ್ಡರಸ್ತೆ ಬಂದಾಗಲೆಲ್ಲ 'ಬಲಗಡೆ ಖಾಲಿ' ಎಂದು ಹೇಳುತ್ತಿದ್ದ ಆರಿನ್‌ನ ದನಿಗೆ ಅವಳ ಕಿವಿ ಕಾಯುತ್ತಿತ್ತು.

ಅರವತ್ತು ಮೈಲು ದಾಟಿದ ಮೇಲೆ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಕ್ಯಾಂಪಿನವರಿಗೆ ಅವಳು ಯಾವ ನಂಬರನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಹೆದರದೆ ಎತ್ತಿಕೊಂಡಳು.

"ಟೊಲೆಫ್ಸನ್ ಮೇಡಂ! ಅಭಿನಂದನೆ!" ಟ್ರೆವರ್‌ನ ದನಿ. "ಆಫೀಸಿನೋರು ಮಿಲ್ಲರ್ ಅಂತ ಬರ್ಕೊಂಡಿದ್ದಾರೆ ನೋಡಿ, ನಾಚಿಕೆಯಾಗ್ಬೇಕು ಅವರಿಗೆ. ಸಾರ್ ಆಜೀವ ಸದಸ್ಯತ್ವ ತಗೊಂಡ್ರು! ಪೆನ್ನು ಸಿಕ್ಕಿದ್ದೇ ತಡ, ಸಹಿ ಹಾಕೋ ಗೆರೆ ತೋರಿಸೋಕೂ ಬಿಡ್ಲಿಲ್ಲ. ಹೆಸರು, ಹುಟ್ಟಿದ ದಿನ, ಊರು, ಅಂಚೆ ಪೆಟ್ಟಿಗೆ, ಎಲ್ಲಾ ಮುತ್ತಿನ ಹಂಗೆ ಬರೆದಿದ್ದಾರೆ. ಹೆಂಡತಿ ಹೆಸರು ಅನ್ನೋ ಕಡೆ ವರ್ಲಾ ಮೇ ಅಂತ ಬರೆದು, ಪಕ್ಕದಲ್ಲೇ ನಿಮ್ಮ ಈ ನಂಬರು. ಮೂವತ್ತು ವರ್ಷದಿಂದ ನಮ್ಮ ಮನೇದು ಇದೇ ನಂಬರು, ಮನೆ ಮಾರಿದ್ರೂ ನಂಬರು ಬಿಟ್ಟಿಲ್ಲ ಅಂದ್ರು. ನಿಮ್ಮದೊಂದು ಸಹಿ ಬಾಕಿ. ಎಲ್ಲಿದ್ದೀರಿ ಮೇಡಂ? ತಡೀರಿ, ಸಾರ್ ಮಾತಾಡ್ಬೇಕಂತೆ."

ಫೋನು ಆರಿನ್‌ನ ಕೈಗೆ ಹೋಯಿತು. ಆಮೇಲೆ, "ವರ್ಲಾ? ತಗೊಂಡೆ ಕಣೇ. ಇಬ್ಬರ ಹೆಸರಲ್ಲೂ. ಬೈಬೇಡ."

ಎರಡು ವರ್ಷದ ನಂತರ ಅವನ ಬಾಯಲ್ಲಿ ತನ್ನ ಹೆಸರು. ಗಾಡಿ ರಸ್ತೆಯಂಚಿನ ಮರಳಿಗೆ ಇಳಿದು ತಾನಾಗಿ ನಿಂತಿತು. ಹೆಸರಿಲ್ಲದವನೊಬ್ಬನನ್ನು ಬಿಟ್ಟುಬಂದೆ ಎಂದುಕೊಂಡಿದ್ದಳು. ಆ ಮೇಜಿನ ಮೇಲೆ ಈಗ ಅವನ ಹೆಸರೂ, ಅವಳ ಹೆಸರೂ, ಅವಳು ಎದ್ದುಹೋದ ಗಳಿಗೆಯನ್ನು ಹೇಳಬಲ್ಲ ಸಾಕ್ಷಿಯೂ ಇತ್ತು. ವರ್ಲಾ ಎಂಜಿನ್ ಆರಿಸಿ ಕೂತಳು. ಚೀಟಿ, ಉಂಗುರ, ಕಿವಿಯ ಅಂಕಿ, ಎಲ್ಲವನ್ನೂ ಅವಳು ಯೋಚಿಸಿದ್ದಳು. ಹದಿನಾಲ್ಕು ಸಲವೂ ಬೇಡವೆಂದವಳು ತಾನೊಬ್ಬಳೇ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಮಾರುವವರು ಪೆನ್ನು ಮುಂದಿಟ್ಟಾಗಲೆಲ್ಲ ಆರಿನ್ ಅದರ ಕಡೆ ಕೈ ಚಾಚಿ, ಅವಳ ಮುಖ ನೋಡಿ, ನಕ್ಕು, ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ನಿನಗೇನು ಬೇಕು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ಅದು ಬೇಕಾಗಿತ್ತು, ಇಂದು ಅವನು ತಿರುಗಿ ನೋಡಿದಾಗ ಬೇಡ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.