ನಲವತ್ತಮೂರು ಇಂಚಿನ ಡಬ್ಬ

ಅಮೆರಿಕದ ಈ ಮಾರಿಸ್‌ವಿಲ್‌ನ ಕನ್ನಡದವರು ಮನೆ ಕೊಳ್ಳುವಾಗ ನನ್ನನ್ನು ಕೇಳಲ್ಲ. ಮಗಳಿಗೆ ಗಂಡು ಹುಡುಕುವಾಗ ಅಂತೂ, ಡಿವೋರ್ಸ್ ಆದವಳು ಅಂತ, ಹತ್ತಿರಕ್ಕೂ ಕರೆಯಲ್ಲ. ಟಿವಿ ಕೊಳ್ಳುವಾಗ ಮಾತ್ರ ಎಲ್ಲರಿಗೂ ಕಾತ್ಯಾಯಿನಿ ಬೇಕು. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ನೋಡುವ ಸ್ಕ್ರೀನುಗಳನ್ನು ಟೆಸ್ಟ್ ಮಾಡೋದು ನನ್ನ ಕೆಲಸ, ಅದಕ್ಕೆ.

ಹೋದ ನವೆಂಬರಿನಲ್ಲಿ ಗೆಳತಿ ಸೌಮ್ಯಾ ಫೋನ್ ಮಾಡಿದಳು. ಅವಳ ಅಪಾರ್ಟ್‌ಮೆಂಟಿನ ಎದುರು ಬಾಗಿಲಿನವರಿಗೆ ಒಂದು ಸ್ಕ್ರೀನ್ ಆರಿಸಿಕೊಡಬೇಕಂತೆ. ಪಾಪದ ಮನುಷ್ಯ, ಮೂರು ತಿಂಗಳಿಂದ ರಿವ್ಯೂ ಓದುತ್ತಾ ಕೂತಿದ್ದಾರೆ, ಇನ್ನೂ ತಗೊಂಡಿಲ್ಲ ಅಂದಳು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಆದರೂ ಶನಿವಾರ ಹೋದೆ.

ಅಂಗಡಿಯ ಟಿವಿ ಸಾಲಿನ ಮುಂದೆ ಅವರು ಅಳತೆ ಟೇಪು ಹಿಡಿದು ನಿಂತಿದ್ದರು. ನಲವತ್ತು ದಾಟಿದ ವಯಸ್ಸು, ಕಿವಿಯ ಹತ್ತಿರ ಬಿಳಿ ಕೂದಲು, ರಜಾ ದಿನವೂ ಇಸ್ತ್ರಿ ಮಾಡಿದ ಶರ್ಟು. ಹೆಸರು ಸೂರ್ಯನಾರಾಯಣ, ಬೆಂಗಳೂರಲ್ಲಿ ಎಲ್ಲರೂ ಸೂರಿ ಅಂತಾರೆ ಅಂದರು. ಇಲ್ಲಿ ಏನಂತಾರೆ ಅಂತ ಕೇಳಿದೆ.

"ಇಲ್ಲಿ ಯಾರೂ ಕರೆಯಲ್ಲ," ಅಂದರು. ಅದನ್ನೂ ನಗುತ್ತಲೇ ಹೇಳಿದರು.

ಅವರಿಗೆ ಬೇಕಾಗಿದ್ದು ಒಂದೇ ಸ್ಕ್ರೀನ್. ಹಗಲು ಮನೆಯಿಂದಲೇ ಆಫೀಸಿನ ಕೆಲಸ, ಆಗ ಅದು ಕಂಪ್ಯೂಟರ್ ಆಗಬೇಕು. ಸಂಜೆ ಸೋಫಾದಲ್ಲಿ ಕೂತರೆ ಟಿವಿ ಆಗಬೇಕು. ಎರಡು ಇಡೋಕೆ ಆ ಪುಟ್ಟ ಮನೆಯಲ್ಲಿ ಜಾಗ ಇಲ್ಲ. ಅವರು ಮೊದಲು ಕಣ್ಣು ಹಾಕಿದ್ದು ಅಂಗಡಿಯ ಅತಿ ಚಂದದ, ಅತಿ ತೆಳ್ಳಗಿನ ಟಿವಿಯ ಮೇಲೆ. ಅದು ಬೇಡ ಅಂದೆ. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಕೆಳಗಿನ ಪಟ್ಟಿ, ಆ ಟಾಸ್ಕ್‌ಬಾರ್, ನಿಂತ ಕಡೆಯೇ ನಿಂತರೆ ಅದರ ಗುರುತು ಸ್ಕ್ರೀನಿನ ಮೇಲೆ ಉಳಿದುಬಿಡುತ್ತೆ, ಸಿನಿಮಾ ನೋಡುವಾಗಲೂ ಆಫೀಸೇ ಕಾಣುತ್ತೆ ಅಂದೆ. ಅವರು ಟೇಪನ್ನು ಸರ್ರನೆ ಒಳಗೆಳೆದು, ಹೂಂ ಅಂದು ನನ್ನ ಹಿಂದೆ ಬಂದರು.

ಸ್ಕ್ರೀನ್ ಟೆಸ್ಟ್ ಮಾಡೋಕೆ ನನ್ನದೇ ಒಂದು ವಿಧಾನ ಇದೆ. ಅಂಗಡಿಯವರು ಹಾಕಿಟ್ಟಿರುವ ಗಿಳಿ, ಜಲಪಾತ ಎಲ್ಲ ಯಾವ ಟಿವಿಯಲ್ಲೂ ಚೆನ್ನಾಗೇ ಕಾಣುತ್ತೆ. ನಾನು ನನ್ನ ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ ಸಣ್ಣ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತೀನಿ. ಕೆಟ್ಟ ಟಿವಿಯಾದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಏನಾದರೂ ಟೈಪ್ ಮಾಡಿ ಅಂತ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಟ್ಟೆ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಅವರು ನನ್ನ ಹೆಸರು ಟೈಪ್ ಮಾಡಿದರು. ಆಮೇಲೆ ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿ ನೋಡಿದರು.

"ತ ಕೆಳಗಿನ ಯ ಒತ್ತು ಚೆನ್ನಾಗಿ ಬಂದಿದೆ ರೀ," ಅಂದರು.

ನನಗೆ ಕಿವಿ ಬಿಸಿಯಾಯಿತು. ಮೂವತ್ತೆಂಟು ವರ್ಷದ ಹೆಂಗಸಿಗೆ ಇದೆಲ್ಲ ಬೇಕಾ ಅಂತ ನನ್ನನ್ನೇ ಬೈದುಕೊಂಡು ಕೇಬಲ್ ಕಿತ್ತೆ.

ಕೊನೆಗೆ ನಲವತ್ತಮೂರು ಇಂಚಿನ ಎರಡು ಉಳಿದವು. ಒಂದರಲ್ಲಿ ಎದುರಿಗೆ ಕೂತರೆ ಕಪ್ಪು ಬಣ್ಣ ಗಾಢವಾಗಿ ಬರುತ್ತೆ, ಆದರೆ ಪಕ್ಕಕ್ಕೆ ಸರಿದರೆ ಬಣ್ಣ ಮಾಸುತ್ತೆ. ಇನ್ನೊಂದರಲ್ಲಿ ಕಪ್ಪು ಸ್ವಲ್ಪ ಪೇಲವ, ಆದರೆ ಯಾವ ಮೂಲೆಯಿಂದ ನೋಡಿದರೂ ಒಂದೇ ಥರ. ನೋಡೋದು ನೀವೊಬ್ಬರೇ ತಾನೆ, ಮೊದಲನೆಯದನ್ನೇ ತಗೊಳ್ಳಿ ಅಂದೆ. ಅವರು ಎರಡನೆಯದರ ಎದುರು ನಿಂತು ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿದರು.

"ನೋಡೋದು ಒಬ್ಬನೇ. ಆದರೆ ಸೋಫಾ ಇಬ್ಬರದು," ಅಂದರು. ಅದನ್ನೇ ತಗೊಂಡರು.

ಆ ದಿನ ಕಾರಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನಾನು ಮಾತು ಶುರು ಮಾಡಿದರೆ ನಿಲ್ಲಿಸೋದು ನನ್ನ ಕೈಲೇ ಆಗಲ್ಲ. ಡಿವೋರ್ಸ್ ಆಗಿ ಐದು ವರ್ಷ ಆಯಿತು, ನಾನು ಇಲ್ಲಿನ ಸಿಟಿಜನ್ ಅಂತ ಗೊತ್ತಾದರೆ ಸಾಕು, ಎಲ್ಲೆಲ್ಲಿಂದಲೋ ಗಂಡುಗಳು ಮುಗಿಬೀಳುತ್ತವೆ ಅಂದೆ. ನನ್ನ ಮುಖ ನೋಡಿ ಯಾರೂ ಬರಲ್ಲ, ಪಾಸ್‌ಪೋರ್ಟ್ ನೋಡಿ ಬರ್ತಾರೆ, ನನ್ನನ್ನು ಮದುವೆಯಾದರೆ ಇಲ್ಲೇ ಉಳಿಯೋ ಪೇಪರ್ ಸಿಗುತ್ತಲ್ಲ, ವೀಸಾದವರ ಪ್ರೀತಿಯನ್ನು ನಾನು ಮೂರು ಕಾಸಿಗೂ ನಂಬಲ್ಲ ಅಂದೆ. ಪಕ್ಕದಲ್ಲಿ ಕೂತವರು ಒಂಬತ್ತು ವರ್ಷದಿಂದ ವೀಸಾದ ಮೇಲೇ ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಅರ್ಧ ಗಂಟೆ ಆದ ಮೇಲೆ. ಅವರಾಗ ರಸ್ತೆ ನೋಡುತ್ತಾ ನಕ್ಕಿದ್ದರು ಅಷ್ಟೇ.

ಅರ್ಧ ಗಂಟೆ ಆದ ಮೇಲೆ ಹೇಗೆ ಗೊತ್ತಾಯಿತು ಅಂದರೆ, ಅವರ ಮನೆಯ ಗೋಡೆಯುದ್ದಕ್ಕೂ ಇದ್ದ ಖಾಲಿ ಡಬ್ಬಗಳಿಂದ. ಮಿಕ್ಸಿ, ಕುಕ್ಕರ್, ಪ್ರಿಂಟರ್, ಟೇಬಲ್ ಲ್ಯಾಂಪ್, ಎಲ್ಲದರ ರಟ್ಟಿನ ಡಬ್ಬಗಳೂ ಥರ್ಮೋಕೋಲ್ ಸಮೇತ ಸೂರು ಮುಟ್ಟುವಂತೆ ಜೋಡಿಸಿಟ್ಟಿದ್ದರು. ಅದಕ್ಕೇ ಎರಡು ಟಿವಿಗೆ ಜಾಗ ಇರಲಿಲ್ಲ. ಇದೇನ್ರೀ ಗೋಡೌನ್ ಅಂತ ಕೇಳಿದೆ. ಒಂಬತ್ತು ವರ್ಷದಿಂದ ವೀಸಾನೇ, ಕೆಲಸ ಹೋದರೆ ಅರವತ್ತು ದಿನದಲ್ಲಿ ದೇಶ ಬಿಡಬೇಕು, ಅದರದರ ಡಬ್ಬದಲ್ಲೇ ಹಾಕಿ ಕೊಟ್ಟರೆ ತಗೊಳ್ಳೋರಿಗೂ ಅನುಕೂಲ, ನಮಗೂ ಬೇಗ ಆಗುತ್ತೆ ಅಂದರು. ಹವಾಮಾನ ಹೇಳಿದ ಹಾಗೆ ಹೇಳಿದರು. ಸ್ಕ್ರೀನಿನ ಡಬ್ಬವನ್ನೂ ಒರೆಸಿ ಬೆಡ್‌ರೂಮಿನ ಬಾಗಿಲ ಹಿಂದೆ ನಿಲ್ಲಿಸಿದರು.

ಆಮೇಲಿನ ಶನಿವಾರಗಳನ್ನೆಲ್ಲ ನಾನು ಆ ಸೋಫಾದ ಬಲತುದಿಯಲ್ಲಿ ಕಳೆದೆ. ಮೊದಲ ವಾರ ಕಲರ್ ಸೆಟ್ಟಿಂಗ್ ಮಾಡೋಕೆ ಅಂತ ಹೋದೆ. ಎರಡನೇ ವಾರ ಅಕ್ಷರ ಇನ್ನೂ ಮಸುಕು ಅಂತ ಅವರೇ ಕರೆದರು. ಹೋಗಿ ನೋಡಿದರೆ ಯಾವ ಮಸುಕೂ ಇರಲಿಲ್ಲ, ಒಲೆ ಮೇಲೆ ಬಿಸಿಬೇಳೆಬಾತ್ ಇತ್ತು. ಮೂರನೇ ವಾರದಿಂದ ನಾವಿಬ್ಬರೂ ನೆಪ ಹುಡುಕೋದು ಬಿಟ್ಟೆವು. ನಮ್ಮಿಬ್ಬರ ನಡುವೆ ಒಂದು ದಿಂಬಿನಷ್ಟು ಜಾಗ ಇರುತ್ತಿತ್ತು. ಮ್ಯಾಚ್ ನೋಡುವ ಅವರ ಮುಖವನ್ನು ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ, ಸಿಕ್ಕಿಬಿದ್ದರೆ ಸ್ಕ್ರೀನಿನ ಬ್ರೈಟ್‌ನೆಸ್ ಬಗ್ಗೆ ಏನೋ ಹೇಳುತ್ತಿದ್ದೆ. ಅವರು ಗಂಭೀರವಾಗಿ ರಿಮೋಟ್ ತಗೊಂಡು ಬ್ರೈಟ್‌ನೆಸ್ ಕಮ್ಮಿ ಮಾಡುತ್ತಿದ್ದರು, ತುಟಿಯಂಚಲ್ಲಿ ನಗು ಇಟ್ಟುಕೊಂಡು.

ನನಗೆ ಅವರು ಬೇಕಾಗಿದ್ದರು. ಸುತ್ತಿ ಬಳಸಿ ಯಾಕೆ ಹೇಳಲಿ, ತುಂಬಾ ಬೇಕಾಗಿದ್ದರು. ಅವರ ಬಾಯಿಂದ ಒಂದು ಮಾತು ಬರಲಿ ಅಂತ ಚಳಿಗಾಲ ಪೂರ್ತಿ ಕಾದೆ. ನಾನೇ ಕೇಳಬಹುದಿತ್ತು. ಕಾರಿನಲ್ಲಿ ಅಷ್ಟೆಲ್ಲ ಜಂಬದ ಮಾತಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳೋದು ಅಂತ ಸುಮ್ಮನಿದ್ದೆ.

ಯುಗಾದಿ ಆದ ಮೇಲಿನ ಭಾನುವಾರ ಅವರ ಫೋನ್ ಬಂತು. ಮುಂದಿನ ಶನಿವಾರ ಸ್ವಲ್ಪ ಬೇಗ ಬನ್ನಿ, ಒಂದು ವಿಷಯ ಮಾತಾಡೋದಿದೆ ಅಂದರು. ಆ ವಾರ ನಾನು ಎರಡು ಸೀರೆ ತೆಗೆದು ನೋಡಿ, ನಾಚಿಕೆಯಾಗಿ ಎರಡನ್ನೂ ಒಳಗಿಟ್ಟೆ. ಶುಕ್ರವಾರ ಮೆಸೇಜ್ ಬಂತು, ಕೆಲಸ ಜಾಸ್ತಿ ಇದೆ, ಈ ವಾರ ಬೇಡ ಅಂತ. ಮರುವಾರವೂ ಅದೇ. ಮೇ ತಿಂಗಳು ಪೂರ್ತಿ ಹಾಗೇ ಹೋಯಿತು. ನಾನೂ ಹಟ ಹಿಡಿದು ಫೋನ್ ಮಾಡಲಿಲ್ಲ.

ಜೂನ್ ಮೊದಲ ವಾರ ಸೌಮ್ಯಾನೇ ಹೇಳಿದಳು, ಸೂರಿ ಮನೆ ಸಾಮಾನೆಲ್ಲ ಮಾರ್ತಿದ್ದಾರೆ, ನಿನಗೆ ಗೊತ್ತಿಲ್ವಾ ಅಂತ. ಕಾರು ಹತ್ತಿ ಹೋದೆ. ಮಿಕ್ಸಿ ಮಿಕ್ಸಿಯ ಡಬ್ಬದೊಳಗೆ ಹೋಗಿತ್ತು, ಪ್ರಿಂಟರ್ ಪ್ರಿಂಟರಿನದರಲ್ಲಿ. ಏಪ್ರಿಲಿನಲ್ಲೇ ಕೆಲಸ ಹೋಯಿತಂತೆ. ಬೇರೆ ಕಡೆ ಸಿಗುತ್ತೆ, ಸಿಕ್ಕ ಮೇಲೆ ಹೇಳೋಣ ಅಂತಿದ್ದರಂತೆ. ಸಿಗಲಿಲ್ಲ, ಇನ್ನು ಹತ್ತು ದಿನ ಉಳಿದಿದೆ ಅಂದರು. ಮುಖ ಇಳಿದುಹೋಗಿತ್ತು, ಶರ್ಟು ಮಾತ್ರ ಇಸ್ತ್ರಿಯದೇ.

ಆಮೇಲೆ ಕೈಯಲ್ಲಿದ್ದ ಅಂಟು ಟೇಪನ್ನು ಕೆಳಗಿಟ್ಟು, "ಕಾತ್ಯಾಯಿನಿ, ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ತುಂಬಾ ದಿನದಿಂದ ಇತ್ತು," ಅಂದರು.

ಏಳು ತಿಂಗಳು ಕಾದಿದ್ದ ಮಾತು ಅದು. ಅದು ಬಂದ ಹೊತ್ತಿಗೆ ನನಗೆ ಅವರ ಮುಖ ಕಾಣಲಿಲ್ಲ, ಹತ್ತು ದಿನ ಅನ್ನೋದಷ್ಟೇ ಕಾಣಿಸಿತು. ಹಳೆಯ ಉರಿ ಎಲ್ಲಿತ್ತೋ, ನಾಲಿಗೆಗೆ ಬಂತು.

"ಕೇಳೋಕೆ ಕೆಲಸ ಹೋಗೋವರೆಗೂ ಕಾದ್ರಾ?" ಅಂದೆ.

ಅವರು ನನ್ನನ್ನು ನೋಡಿದರು. ಕೋಪ ಇರಲಿಲ್ಲ ಆ ನೋಟದಲ್ಲಿ. ಕೋಪ ಮಾಡಿಕೊಂಡಿದ್ದರೆ ನಾನು ಜಗಳವಾಡಿ, ಅತ್ತು, ಎಲ್ಲ ಸರಿಮಾಡಿಕೊಳ್ಳುತ್ತಿದ್ದೆ. ಬಗ್ಗಿ ಟೇಪ್ ಎತ್ತಿಕೊಂಡು ಮಿಕ್ಸಿ ಡಬ್ಬದ ಬಾಯಿ ಅಂಟಿಸಿದರು.

"ಸ್ಕ್ರೀನ್ ನೀವು ತಗೊಂಡು ಹೋಗ್ತೀರಾ ಅಂತ ಕೇಳೋಣ ಅಂತಿದ್ದೆ. ಅದನ್ನ ಮಾರೋಕೆ ಮನಸ್ಸಿಲ್ಲ," ಅಂದರು.

ತಗೊಂಡು ಬಂದೆ. ಇಡೀ ಮನೆಯಲ್ಲಿ ಅದೊಂದಕ್ಕೇ ಡಬ್ಬ ಇರಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಎಲ್ಲೋ ಹೋಯಿತು ಅಂದರು. ಕಂಫರ್ಟರ್ ಹೊದಿಕೆಯಲ್ಲಿ ಸುತ್ತಿ ಕಾರಿನ ಹಿಂದೆ ಮಲಗಿಸಿದೆವು. ಮುಂದಿನ ಬುಧವಾರ ಅವರು ಹೋದರು, ಏರ್‌ಪೋರ್ಟಿಗೆ ಬಿಟ್ಟಿದ್ದು ಸೌಮ್ಯಾ. ನಾನು ಆಫೀಸಿನಲ್ಲಿ ಯಾರದೋ ಎದೆಯ ಎಕ್ಸ್‌ರೇ ಸರಿಯಾಗಿ ಕಾಣುತ್ತಾ ಅಂತ ನೋಡುತ್ತಾ ಕೂತಿದ್ದೆ.

ಜುಲೈನಲ್ಲಿ ಒಂದು ಶನಿವಾರ ಸೌಮ್ಯಾ ಕಾಫಿಗೆ ಬಂದಳು. ಸ್ಕ್ರೀನಿನ ಮೂಲೆಯಲ್ಲಿ ಗೀರು ಬಿದ್ದಿರೋದನ್ನು ತೋರಿಸಿ ನಾನು ಗೊಣಗಿದೆ. ಕುಕ್ಕರಿನ ಡಬ್ಬ ಒಂಬತ್ತು ವರ್ಷ ಕಾಪಾಡಿದ ಮನುಷ್ಯನಿಗೆ ಇದರದ್ದು ಒಂದು ಇಟ್ಟುಕೊಳ್ಳೋಕೆ ಆಗಲಿಲ್ಲವಲ್ಲ ಅಂದೆ.

ಸೌಮ್ಯಾ ಲೋಟ ಕೆಳಗಿಟ್ಟಳು. "ಅವರೇ ಕತ್ತರಿಸಿ ಹಾಕಿದ್ದು ಕಣೇ. ಚಾಕು ಕೇಳೋಕೆ ನಮ್ಮನೆಗೇ ಬಂದಿದ್ರು."

ಯಾವತ್ತು ಅಂತ ಕೇಳಿದೆ. ಯುಗಾದಿ ವಾರದ ಶನಿವಾರ ಅಂದಳು, ಹಬ್ಬಕ್ಕೆ ಮಾಡಿದ ಒಬ್ಬಟ್ಟು ಇನ್ನೂ ಎರಡು ಉಳಿದಿತ್ತು, ಅವರಿಗೆ ಕೊಟ್ಟೆ, ಅದಕ್ಕೇ ನೆನಪಿದೆ ಅಂದಳು. ಮೊದಲು ಆ ದೊಡ್ಡ ಡಬ್ಬ ಕತ್ತರಿಸಿದರಂತೆ, ಉಳಿದವನ್ನು ಬರೋ ವಾರ ಒಂದೊಂದಾಗಿ ಎಸೀತೀನಿ ಅಂದರಂತೆ. ಯಾಕ್ರೀ ಅಂತ ಇವಳು ಕೇಳಿದ್ದಕ್ಕೆ, ಈ ಸ್ಕ್ರೀನ್ ಇನ್ನೆಲ್ಲೂ ಹೋಗಲ್ಲ, ಇದನ್ನ ನೋಡೋಕೆ ಒಬ್ಬರು ಕಾಯಂ ಆಗಿ ಬರ್ತಾರೇನೋ, ಕೇಳಿ ನೋಡ್ತೀನಿ ಅಂದರಂತೆ. ಕೆಲಸ ಹೋಗಿದೆ ಅಂತ ಕಂಪನಿಯಿಂದ ಫೋನ್ ಬಂದಿದ್ದು ಅದಾದ ಮೇಲಿನ ಸೋಮವಾರವಂತೆ.

ಅಂದರೆ ನನಗೆ ಫೋನ್ ಮಾಡಿದ ಆ ಭಾನುವಾರ ಅವರಿಗೆ ನನ್ನಿಂದ ಬೇಕಾಗಿದ್ದದ್ದು ನಾನೇ. ಪಾಸ್‌ಪೋರ್ಟ್ ಅಲ್ಲ, ಪೇಪರ್ ಅಲ್ಲ. ಅದನ್ನು ಹೇಳಿದ್ದರೆ ನಾನು ಪೆಚ್ಚಾಗಿ ಅವರ ಕಾಲ ಬಳಿ ಕೂರುತ್ತಿದ್ದೆ. ಅವರು ಹೇಳಲಿಲ್ಲ. ಪ್ರೀತಿಗೆ ಸಾಕ್ಷಿ ಕೊಟ್ಟು ನಿಲ್ಲುವ ಜನ ಅಲ್ಲ ಅವರು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ. ಬೆಂಗಳೂರಲ್ಲಿ ಸಂಜೆ, ಹಿಂದೆ ಆಟೋ ಹಾರ್ನ್ ಕೇಳುತ್ತಿತ್ತು. ಡಬ್ಬದ ವಿಷಯ ಗೊತ್ತಾಯಿತು ಅಂದೆ. ತಪ್ಪಾಯಿತು ಅಂದೆ. ಬನ್ನಿ, ಇಲ್ಲದಿದ್ದರೆ ನಾನೇ ಬರ್ತೀನಿ, ಕೆಲಸ ಬಿಟ್ಟು ಬರ್ತೀನಿ, ನೀವು ಹೇಳಿದ ಕಡೆ ಇರ್ತೀನಿ ಅಂದೆ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ ನಾನು. ಅವರು ಪೂರ್ತಿ ಕೇಳಿಸಿಕೊಂಡರು.

"ಡಬ್ಬದ ವಿಷಯ ಗೊತ್ತಾಗದೇ ಇದ್ದಿದ್ರೆ?" ಅಂದರು.

ನಾನು ಸ್ಕ್ರೀನಿನ ಮೂಲೆಯ ಗೀರನ್ನು ಉಗುರಿನಿಂದ ಕೆರೆದೆ.

"ನಿನ್ನ ಮೇಲೆ ಕೋಪ ಇಲ್ಲ ಕಾತ್ಯಾಯಿನಿ. ಪ್ರೀತಿನೂ ಕಮ್ಮಿಯಾಗಿಲ್ಲ, ಅದೇ ಕಷ್ಟ ಆಗಿರೋದು. ಆದರೆ ಅವತ್ತು ಆ ಮಾತು ಅನ್ನುವಾಗ ನೀನು ನನ್ನ ನೋಡಿದ್ದು ಹೇಗೆ ಅಂತ ನನಗೆ ಗೊತ್ತು. ಪ್ರತಿ ಸಲ ಒಂದೊಂದು ಡಬ್ಬ ತೋರಿಸಿ ಬದುಕೋಕೆ ನನ್ನ ಕೈಲಿ ಆಗಲ್ಲ."

ಅವರು ನನ್ನನ್ನು ನೀನು ಅಂದಿದ್ದು ಅದೇ ಮೊದಲು. ನಾನು ಎಷ್ಟೋ ಶನಿವಾರ ಅದಕ್ಕಾಗಿ ಆಸೆಪಟ್ಟಿದ್ದೆ. ಆಮೇಲೆ ಅವರು, ಕಂಪ್ಯೂಟರಿಗೆ ಅಂತ ಹಾಕಿದ್ದ ಪಿಸಿ ಮೋಡ್ ಆಫ್ ಮಾಡಿ ಸಿನಿಮಾ ನೋಡು, ಬಣ್ಣ ಚೆನ್ನಾಗಿರುತ್ತೆ ಅಂದರು. ಹೂಂ ಅಂದೆ. ಇಡ್ತೀನಿ ಅಂದರು. ಆಟೋ ಹಾರ್ನ್ ಇನ್ನೆರಡು ಸಲ ಕೇಳಿಸಿತು, ಕೊನೆಗೆ ಅವರೇ ಇಟ್ಟರು.

ಆಮೇಲೆ ಎಷ್ಟೋ ಸಲ ಫೋನ್ ಕೈಗೆ ತಗೊಂಡಿದ್ದೀನಿ. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ, ಅದಕ್ಕೆ ಮಾಡಲ್ಲ. ಶನಿವಾರ ಸಂಜೆ ಸ್ಕ್ರೀನ್ ಹಾಕಿ ನನ್ನ ಸೋಫಾದ ಬಲತುದಿಯಲ್ಲಿ ಕೂರ್ತೀನಿ. ನಡುವೆ ಕೂರಬಹುದು, ಮನೆಯಲ್ಲಿ ಇನ್ಯಾರೂ ಇಲ್ಲ. ಅವರು ಆರಿಸಿದ್ದು ಸರಿಯಾಗೇ ಇತ್ತು, ಈ ಮೂಲೆಯಿಂದಲೂ ಬಣ್ಣ ಒಂಚೂರೂ ಮಾಸಲ್ಲ.