ಬಾತ್‌ರೂಮಿಗೆ ಬಂದ ಏಳು ಕಂಬಳಿ

"ಸಂತ್ರಸ್ತರ ವಯಸ್ಸು?" ಹೆಡ್‌ಕ್ಲರ್ಕ್ ತಾತ ರಿಜಿಸ್ಟರ್ ಬಿಚ್ಚಿ ಕೇಳಿದರು.

"ನಾಲ್ಕು ವರ್ಷ," ಅಂದಳು ಚೂಟಿ. "ತಾತಾ, ಮೊದಲು ಬಾಗಿಲು ತೆಗೀರಿ. ತಮ್ಮ ಅಳ್ತಾ ಇದಾನೆ."

ತಮ್ಮ ಬಾತ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಚಿಲಕ ಜಾಮ್ ಆಗಿಬಿಟ್ಟಿತ್ತು. ಬಲ್ಬ್ ಬೇರೆ ಕೈಕೊಟ್ಟಿತ್ತು. ಅಮ್ಮ ಬಾಗಿಲು ತಳ್ಳಿ ತಳ್ಳಿ ಸುಸ್ತಾಗಿ, ಬಿಲ್ಡಿಂಗಿನ ಮಾನವೀಯ ನೆರವು ಸಮಿತಿಗೆ ಫೋನ್ ಮಾಡಿದ್ದಳು.

ಸಮಿತಿ ಶುರುವಾಗಿ ಎರಡು ವರ್ಷ. ಪಾಪ, ಇಷ್ಟು ದಿನ ಬಿಲ್ಡಿಂಗಿನಲ್ಲಿ ಯಾರಿಗೂ ಏನೂ ಆಗಿರಲೇ ಇಲ್ಲ. ಹಾಗಾಗಿ ಇವತ್ತು ಎಲ್ಲರಿಗೂ ಎಲ್ಲಿಲ್ಲದ ಹುರುಪು. ಐದೇ ನಿಮಿಷದಲ್ಲಿ ಬ್ಯಾನರ್ ಬಂತು, ರಿಜಿಸ್ಟರ್ ಬಂತು, ಏಳು ಕಂಬಳಿಯೂ ಬಂದವು.

"ಕಂಬಳಿ ಯಾಕೆ ಆಂಟಿ?"

"ಸಮಿತಿ ಹತ್ರ ಇರೋದು ಅದೇ ಕಣೇ," ಅಂದರು ಟೈಲರ್ ಆಂಟಿ. ಸ್ಟೂಲ್ ಹತ್ತಿ, ಬಾಗಿಲ ಮೇಲಿನ ಕಿಂಡಿಯಿಂದ ಒಂದೊಂದನ್ನೇ ಒಳಗೆ ತುರುಕಿದರು.

"ನಂಗೆ ಬೇಡಾ" ಅಂತ ಒಳಗಿನಿಂದ ಕೂಗು. ಏಳನೇ ಕಂಬಳಿ ಬೀಳುವ ಹೊತ್ತಿಗೆ ಕೂಗು ಮೆತ್ತಗಾಯಿತು.

"ನೋಡಿ, ಸಮಾಧಾನ ಆಯ್ತು," ಅಂದರು ಆಂಟಿ.

ಚೂಟಿಗೆ ಗೊತ್ತು: ತಮ್ಮನಿಗೆ ಕತ್ತಲೆ ಅಂದರೆ ಜೀವವೇ ಹೋಗುತ್ತದೆ.

"ತಾತಾ, ಮಾನವೀಯ ಅಂದ್ರೆ ಏನು?"

"ಯಾರು, ಎತ್ತ ಅಂತ ನೋಡದೆ, ಮನುಷ್ಯರು ಅನ್ನೋ ಒಂದೇ ಕಾರಣಕ್ಕೆ ಮಾಡೋ ಸಹಾಯ. ಎರಡನೇ ಪುಟದಲ್ಲಿ ಬರೆದಿದೆ. ಈಗ ಸಂತ್ರಸ್ತರ ಸಹಿ ಬೇಕು." ತಾತ ರಿಜಿಸ್ಟರನ್ನು ಬಾಗಿಲ ಕೆಳಗೆ ತೂರಿಸಲು ನೋಡಿದರು. ಅದು ತೂರಲಿಲ್ಲ.

ಚೂಟಿ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಬೋರಲು ಮಲಗಿದಳು. ಸಂದಿಗೆ ಬಾಯಿಟ್ಟು ಕೇಳಿದಳು, "ನಿಂಗೆ ಏನು ಬೇಕೋ?"

ಅಷ್ಟು ಹೊತ್ತಾದರೂ ಯಾರೂ ಅವನನ್ನು ಅದನ್ನೇ ಕೇಳಿರಲಿಲ್ಲ.

"ಏನೂ ಕಾಣಲ್ಲ ಅಕ್ಕಾ. ನೀನು ಇದೀಯಾ?"

"ಇದೀನಿ ಕಣೋ." ಅವಳು ಎರಡು ಬೆರಳು ಒಳಗೆ ತೂರಿಸಿದಳು. ಒದ್ದೆ ಕೈಯೊಂದು ಗಬಕ್ಕನೆ ಹಿಡಿದುಕೊಂಡಿತು.

ಮಲಗಿದಲ್ಲಿಂದ ಅವಳಿಗೆ ಕಂಡಿದ್ದು ಬರೀ ಕಾಲುಗಳು. ಒಂದು ಜೊತೆ ಕಾಲಿನ ಮೇಲೆಲ್ಲ ಮರದ ಪುಡಿ. ಕತ್ತೆತ್ತಿ ನೋಡಿದರೆ ಕೆಳಗಿನ ಮನೆಯ ಬಡಗಿ ಮಾಮ, ಬ್ಯಾನರಿನ ಒಂದು ತುದಿ ಹಿಡಿದು ನಿಂತಿದ್ದಾರೆ.

"ಮಾಮಾ, ಬಾಗಿಲು ನೀವೇ ತೆಗೀಬಹುದಲ್ವಾ?"

"ತೆಗೀಬಹುದಮ್ಮಾ. ಆದ್ರೆ ಸಮಿತೀಲಿ ನನ್ನ ಡ್ಯೂಟಿ ಬ್ಯಾನರ್."

ಅಮ್ಮ ಅವರ ಕೈಯಿಂದ ಬ್ಯಾನರ್ ಕಿತ್ತುಕೊಂಡಳು. ಮಾಮ ಓಡಿಹೋಗಿ ಉಳಿ, ಸುತ್ತಿಗೆ ತಂದರು. ನಾಲ್ಕೇ ಏಟಿಗೆ ಚಿಲಕ ಕಳಚಿಬಿತ್ತು. ಕಂಬಳಿಗಳ ರಾಶಿಯಿಂದ ಎದ್ದು ಬಂದ ತಮ್ಮ, ಅಕ್ಕನ ಅದೇ ಎರಡು ಬೆರಳನ್ನು ಹುಡುಕಿ ಮತ್ತೆ ಹಿಡಿದುಕೊಂಡ.

"ಮರಿ, ಫೋಟೋಗೆ ಇನ್ನೊಂದ್ಸಲ ಒಳಗೆ ಹೋಗ್ತೀಯಾ? ಆಗ ತೆಗೆದಿದ್ರಲ್ಲಿ ಬ್ಯಾನರ್ ಸೊಟ್ಟಗಿತ್ತು," ಅಂದರು ತಾತ. ಅಮ್ಮ ಅವರನ್ನೇ ದುರುಗುಟ್ಟಿ ನೋಡಿದಳು. "ಹೋಗ್ಲಿ ಬಿಡಿ, ಹೆಬ್ಬೆಟ್ಟಾದ್ರೂ ಒತ್ಲಿ. ಕೈ ಕೊಡು ಮರಿ."

ತಮ್ಮನ ಒಂದು ಕೈ ಜಾರುವ ಚಡ್ಡಿಯನ್ನು ಹಿಡಿದಿತ್ತು. ಅವನು ಇನ್ನೊಂದು ಕೈ ನೋಡಿಕೊಂಡ.

"ಇದು ಖಾಲಿ ಇಲ್ಲ," ಅಂದ. "ಇದ್ರಲ್ಲಿ ಅಕ್ಕ ಇದಾಳೆ."

ಚೂಟಿಯ ಬೆರಳು ತರಚಿ ಉರಿಯುತ್ತಿದ್ದವು. ಸ್ಕೂಲಿಗೂ ಹೊತ್ತಾಗಿತ್ತು. ಆದರೂ ಅವಳು ಬೆರಳು ಬಿಡಿಸಿಕೊಳ್ಳದೆ ಹಾಗೇ ನಿಂತಳು.